ಕೆಂಪು ಪುಡಿಯ ರಿಜಿಸ್ಟರು

"ಹತ್ತು ವರ್ಷದ ಹಿಂದಿನ ರಿಜಿಸ್ಟರು ಈಗ ಯಾಕ ಬೇಕ್ರಿ ನಿಮಗ? ಅದರಾಗ ಏನರ ತಪ್ಪು ಸಿಕ್ಕೈತೇನು?"

ಹೊನ್ನೂರಮ್ಮ ಕೇಳಿದ್ದು ನಗುನಗುತ್ತಲೇ. ಆದರೆ ಟ್ರಂಕಿನ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ. ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ಶೃತಿಗೆ ಬಿಸಿ ಚಹಾದ ಲೋಟವನ್ನು ಕೆಳಗಿಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ಪೇಚಾಟವಾಗಿತ್ತು. "ತಪ್ಪು ಅಂತಲ್ರಿ ಅಮ್ಮಾ, ಒಂದೆರಡು ವಿಷಯ ಕೇಳೋದಿತ್ತು," ಎಂದಳು.

ಹೊನ್ನೂರಮ್ಮನ ರಿಜಿಸ್ಟರಿನಲ್ಲಿ ತಪ್ಪು ಹುಡುಕುವ ಧೈರ್ಯವನ್ನು ಹುಣಸೆಕಟ್ಟೆಯಲ್ಲಿ ಯಾರೂ ಮಾಡಿದವರಲ್ಲ. ಕೂಡ್ಲಿಗಿ ತಾಲ್ಲೂಕಿನ ಆ ಊರಿಗೆ ಆಕೆ ಹದಿನಾರು ವರ್ಷದಿಂದ ಆಶಾ ಕಾರ್ಯಕರ್ತೆ. ಯಾವ ಮನೆಯ ಸೊಸೆಗೆ ಎಷ್ಟನೇ ತಿಂಗಳು, ಯಾವ ಮುದುಕನಿಗೆ ಬಿಪಿ ಮಾತ್ರೆ ನುಂಗಲು ಸೋಮಾರಿತನ, ಯಾವ ಅತ್ತೆ ಕೂಸಿಗೆ ಚುಚ್ಚುಮದ್ದು ಬೇಡವೆಂದು ಹಟ ಹಿಡಿದು ಆಮೇಲೆ ತಾನೇ ಎತ್ತಿಕೊಂಡು ಬಂದಳು ಎಂಬುದೆಲ್ಲ ಆಕೆಗೆ ಬಾಯಿಪಾಠ. ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ, ದೇವರಿಗಿಂತ ಒಂದು ಗೇಣು ಮೇಲೆಯೇ ಅನ್ನಬೇಕು, ಗಾಜು ಹಾಕಿಸಿದ ಒಂದು ಪ್ರಶಸ್ತಿಪತ್ರ ತೂಗುತ್ತಿತ್ತು. ಕೆಂಪು ಪುಡಿಯ ಅಧ್ಯಯನ ನಡೆದ ಹನ್ನೆರಡು ಊರುಗಳ ಪೈಕಿ ಅತ್ಯಂತ ಅಚ್ಚುಕಟ್ಟಾಗಿ ದಾಖಲೆ ಇಟ್ಟವರು ಶ್ರೀಮತಿ ಹೊನ್ನೂರಮ್ಮ ಎಂದು ಅದರಲ್ಲಿ ಬರೆದಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಪದವಿ ಬೇಕಿರಲಿಲ್ಲ.

ಶೃತಿ ಕೊಟ್ಟೂರಿನ ಹುಡುಗಿ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ತನ್ನ ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳಲು ಆಕೆಗೆ ಇನ್ನೂ ಆಗಿಲ್ಲ. "ಓದೋದು" ಎಂದರೆ ಅವ್ವ, "ಇನ್ನೂ ಓದೋದು ಮುಗೀಲಿಲ್ಲೇನವ್ವಾ" ಎನ್ನುತ್ತಾಳೆ. ಆದರೆ ಕೆಲಸ ಓದುವುದೇ. ಬಸುರಿಯರ ರಕ್ತಹೀನತೆಗೆ ಕಬ್ಬಿಣಾಂಶದ ಕೆಂಪು ಪುಡಿಯನ್ನು ಊಟದಲ್ಲಿ ಬೆರೆಸಿ ಕೊಟ್ಟರೆ ಗುಣವಾಗುತ್ತದೆಯೇ ಎಂದು ಯಾರ್ಯಾರು ಎಲ್ಲೆಲ್ಲಿ ಪರೀಕ್ಷೆ ಮಾಡಿದ್ದಾರೋ ಆ ವರದಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಜರಡಿ ಹಿಡಿಯುವುದು. ನಾಲ್ಕು ಸಾವಿರದಷ್ಟು ಸಿಕ್ಕಿದ್ದವು. ಪ್ರತಿಯೊಂದನ್ನೂ ಇಬ್ಬರು ಬೇರೆ ಬೇರೆ ಕುಳಿತು ಓದಬೇಕು, ಒಬ್ಬರು ಏನಂದರೆಂದು ಇನ್ನೊಬ್ಬರಿಗೆ ಗೊತ್ತಾಗಬಾರದು, ಇಬ್ಬರ ಮಾತೂ ಕೂಡದಿದ್ದರೆ ಮೂರನೆಯವರು ನ್ಯಾಯ ಹೇಳಬೇಕು. ಹೀಗೆ ಸೋಸಿ ಸೋಸಿ ಕಡೆಗೆ ಉಳಿದದ್ದು ಒಂಬತ್ತು. ಆ ಒಂಬತ್ತನ್ನೂ ತೂಗಿ ನೋಡಿ ಸೋಮವಾರ ತೀರ್ಮಾನ ಕಳಿಸಬೇಕಿತ್ತು. ಪುಡಿಯ ಯೋಜನೆಯನ್ನು ಮತ್ತೆ ಶುರುಮಾಡುವುದೋ ಬೇಡವೋ ಎಂದು ಸರ್ಕಾರದವರು ಅದನ್ನು ನೋಡಿಯೇ ಹೇಳುವವರು.

ಒಂಬತ್ತರಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ತೂಕದ್ದು ಕೂಡ್ಲಿಗಿಯ ಅಧ್ಯಯನ. ಪುಡಿಯಿಂದ ಪ್ರಯೋಜನವಿಲ್ಲ ಎಂದು ಹೇಳಿದ್ದೂ ಅದೊಂದೇ. ಶೃತಿ ಅದನ್ನು ನಡೆಸಿದ ಡಾಕ್ಟರರಿಗೆ ಪತ್ರ ಬರೆದು ರಕ್ತಪರೀಕ್ಷೆಯ ಹಾಳೆಗಳನ್ನೆಲ್ಲ ತರಿಸಿಕೊಂಡಿದ್ದಳು. ನಿವೃತ್ತರಾಗಿದ್ದ ಅವರು ಖುಷಿಯಿಂದಲೇ ಕಳಿಸಿ, 'ಹೊನ್ನೂರಮ್ಮನನ್ನು ಕೇಳಿ, ಆಕೆಯ ರಿಜಿಸ್ಟರು ಅಪ್ಪಟ ಬಂಗಾರ' ಎಂದು ಕೆಳಗೆ ಬರೆದಿದ್ದರು. ಊರಿಗೆ ಹೋಗಿ ಕೇಳುವುದೆಲ್ಲ ನಮ್ಮ ಕೆಲಸವಲ್ಲ ಎಂದು ಆಫೀಸಿನಲ್ಲಿ ಹೇಳಿದರೂ ಶನಿವಾರ ಬೆಳಿಗ್ಗೆ ಕೊಟ್ಟೂರಿನಿಂದ ಅವ್ವನ ಸ್ಕೂಟಿ ಹತ್ತಿ ಬಂದುಬಿಟ್ಟಿದ್ದಳು.

"ಅಮ್ಮಾ, ಪುಡಿ ಕೊಡೋದು ಯಾಕ ನಿಲ್ಲಿಸಿದ್ರು ಅಂತ ನಿಮಗ ಗೊತ್ತೈತೇನ್ರಿ?"

"ರೊಕ್ಕ ಮುಗೀತಂತ. ಇಂಥಾವು ಯಾವು ಎರಡು ವರ್ಷದ ಮ್ಯಾಲ ನಡದಾವು ಹೇಳ್ರಿ."

"ರೊಕ್ಕ ಇತ್ರಿ. ಪುಡಿ ತಿಂದ ಊರಿಗೂ ತಿನ್ನದ ಊರಿಗೂ ಏನೂ ಫರಕಿಲ್ಲ ಅಂತ ವರದಿ ಬಂತು. ಅದಕ್ಕ ನಿಲ್ಲಿಸಿದ್ರು."

ಹೊನ್ನೂರಮ್ಮನ ಮುಖ ಕೆಂಪಗಾಯಿತು. ತನ್ನನ್ನು ಯಾರಾದರೂ ಸುಳ್ಳಿ ಎಂದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. "ಫರಕಿಲ್ಲಾ? ಯಾವನ್ರಿ ಅದನ್ನ ಹೇಳಿದಾವ? ಒಬ್ಬೊಬ್ಬಾಕಿದೂ ಕಣ್ಣಿನ ರೆಪ್ಪಿ ಕೆಳಗ ಎಳದು ನೋಡೀನಿ ನಾನು. ಸುಣ್ಣದಂಗ ಇದ್ದಿದ್ದು ಕೆಂಪಾಗಿದ್ದು ಈ ಕಣ್ಣಿಲೇ ನೋಡೀನಿ. ಅರ್ಧ ಕೊಡ ಎತ್ತಲಾರದಾಕಿ ಎಂಟನೇ ತಿಂಗಳದಾಗ ಎರಡು ಕೊಡ ಹೊತ್ತಾಳ. ಬೇಕಂದ್ರ ಕರಸ್ತೀನಿ, ಕೇಳ್ರಿ."

"ಹುಣಸಿಕಟ್ಟಿಯಾಗ ರಕ್ತ ಏರಿದ್ದು ಖರೇನ ಐತ್ರಿ. ಆದ್ರ ಬಾಣದಹಟ್ಟಿಯಾಗೂ ಏರೈತಿ. ಅಲ್ಲಿ ಪುಡಿನೇ ಕೊಟ್ಟಿಲ್ಲ. ಅಂದಮ್ಯಾಲ ಪುಡಿಯಿಂದ ಏರೈತಿ ಅಂತ ಹೆಂಗ ಹೇಳೋದು?"

ಬಾಣದಹಟ್ಟಿ ಅಲ್ಲಿಂದ ನಾಲ್ಕು ಕಿಲೋಮೀಟರು, ಗುಡ್ಡದ ಆ ಕಡೆ. ಹನ್ನೆರಡು ಊರುಗಳಲ್ಲಿ ಆರಕ್ಕೆ ಪುಡಿ ಕೊಟ್ಟು, ಉಳಿದ ಆರರಲ್ಲಿ ಬರೀ ರಕ್ತ ಪರೀಕ್ಷೆ ಮಾಡಿ, ಎರಡನ್ನೂ ಹೋಲಿಸಿ ನೋಡುವುದೆಂದು ಅಂದು ಗೊತ್ತುಮಾಡಿದ್ದರು. ಬಾಣದಹಟ್ಟಿ ಪುಡಿ ಇಲ್ಲದ ಊರು.

ಶೃತಿ ಲ್ಯಾಪ್‌ಟಾಪ್ ತೆರೆದು ಹೊನ್ನೂರಮ್ಮನ ಕಡೆ ತಿರುಗಿಸಿದಳು. ಮೂರು ತಿಂಗಳಿಗೊಮ್ಮೆ ಮಾಡಿದ ಪರೀಕ್ಷೆಯ ಗೆರೆ. ಬಾಣದಹಟ್ಟಿಯದು ಬೇಸಿಗೆಯಿಡೀ ನೆಲಕ್ಕೆ ಮಲಗಿದಂತಿತ್ತು. ಆಗಸ್ಟಿನ ನಂತರ ಎದ್ದಿತ್ತು, ಮರುವರ್ಷವೂ ಹಾಗೆಯೇ ಆಗಸ್ಟಿನ ನಂತರ. ಮಳೆಗಾಲದ ಸೊಪ್ಪು ಕಾರಣವಿರಬಹುದು ಎಂದು ಈ ವರದಿಯನ್ನು ಬೇರೆ ಕುಳಿತು ಓದಿದ ದಿಲ್ಲಿಯವನು ಬರೆದಿದ್ದ. ಅವನನ್ನು ಅಂದು ಪ್ರಯೋಜನವಿಲ್ಲ. ಶೃತಿಗೂ ನಿಜವಾದ ಕಾರಣ ಹೊಳೆದದ್ದು ಅವ್ವ ಫೋನು ಮಾಡಿ ಈ ಸಲ ಪಂಚಮಿಗೆ ಎಷ್ಟು ದಿನ ರಜೆ ಹಾಕುತ್ತೀ ಎಂದು ಕೇಳಿದ ದಿನ.

"ಅಮ್ಮಾ," ಎಂದಳು ಮೆಲ್ಲಗೆ, "ಪಂಚಮಿಗೆ ಬಾಣದಹಟ್ಟಿಯಿಂದ ಎಷ್ಟು ಹೆಣ್ಮಕ್ಕಳು ಈ ಊರಿಗೆ ತವರಿಗೆ ಬರ್ತಾರ್ರಿ?"

ಹೊನ್ನೂರಮ್ಮ ಕಟ್ಟೆಯ ಮೇಲೆ ಒಣಹಾಕಿದ್ದ ಜೋಳಕ್ಕೆ ಕೋಳಿ ಬಾಯಿ ಹಾಕುತ್ತಿದೆಯೆಂದು ಎದ್ದು ಹೋದಳು. ಕೋಳಿಯೇನೋ ಒಂದು ಇತ್ತು, ಆದರೆ ಅದು ಜೋಳದಿಂದ ದೂರದಲ್ಲಿ ತನ್ನ ಪಾಡಿಗೆ ಮಣ್ಣು ಕೆದಕುತ್ತಿತ್ತು. ಅದನ್ನು ಬೇಲಿಯಾಚೆ ಓಡಿಸಿ, ಒಳಗೆ ಬಂದು ಕುಳಿತಳು. ಹೇಳಬಾರದೆಂದು ಹತ್ತು ವರ್ಷ ಗಂಟಲಲ್ಲಿ ಹಿಡಿದಿಟ್ಟದ್ದು ಈ ಕೊಟ್ಟೂರಿನ ಹುಡುಗಿಯ ಒಂದು ಪ್ರಶ್ನೆಗೆ ತುಟಿಗೆ ಬಂದಿತ್ತು. ಹೇಳದಿದ್ದರೆ ಪುಡಿ ಕೆಟ್ಟದ್ದು, ಹೇಳಿದರೆ ತಾನು ಕೆಟ್ಟವಳು.

"ಮೊದಲ ನಾನೇ ಕೊಟ್ಟೆನವ್ವಾ," ಎಂದಳು.

ಆಮೇಲೆ ತಡೆಯಲಿಲ್ಲ. ಯಾವ ಊರಿಗೆ ಪುಡಿ, ಯಾವ ಊರಿಗಿಲ್ಲ ಎಂದು ಚೀಟಿ ಎತ್ತಿದ್ದು ಕೂಡ್ಲಿಗಿಯ ಒಂದು ಸಭಾಂಗಣದಲ್ಲಿ. ಎಲ್ಲರೆದುರು ನಡೆಯಲಿ, ಯಾರಿಗೂ ಅನುಮಾನ ಬೇಡ ಎಂದು ಡಾಕ್ಟರು ಹೊನ್ನೂರಮ್ಮನನ್ನೇ ವೇದಿಕೆಗೆ ಕರೆದು ಸ್ಟೀಲಿನ ಡಬ್ಬಿ ಮುಂದೆ ಹಿಡಿದಿದ್ದರು. 'ಪುಡಿ ಇಲ್ಲ' ಎಂಬ ಗುಂಪಿಗೆ ಆಕೆಯ ಕೈಗೆ ಬಂದ ಎರಡನೇ ಚೀಟಿ ಬಾಣದಹಟ್ಟಿ. ಮಗಳು ಓಬಮ್ಮನನ್ನು ಕೊಟ್ಟ ಊರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಆಕೆಯೂ ತಟ್ಟಿದ್ದಳು.

ಓಬಮ್ಮನ ಚೊಚ್ಚಲ ಹೆರಿಗೆ ಇಲ್ಲೇ ತವರಿನಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಿ. ಆ ವರ್ಷ ಪಂಚಮಿಗೆ ಬಂದಾಗ ಆರು ತಿಂಗಳು ತುಂಬಿತ್ತು, ಜೋಕಾಲಿಯ ಹತ್ತಿರ ನಿಂತರೂ ಏದುಸಿರು. ಹೊನ್ನೂರಮ್ಮ ಮಗಳ ರೆಪ್ಪೆ ಎಳೆದು ನೋಡಿದಳು. ಬಿಳಿಚಿ ಹೋಗಿತ್ತು. ಆರೋಗ್ಯ ಕೇಂದ್ರದ ಮಾತ್ರೆ ನುಂಗಿದರೆ ವಾಂತಿ ಎಂದು ಹುಡುಗಿ ಬಿಟ್ಟಿದ್ದಳು. ಟ್ರಂಕಿನಲ್ಲಿ ಪುಡಿಯಿತ್ತು. ಕುರಿ ಹಿಂದೆ ಹೋಗಿ ಹಬ್ಬಕ್ಕೂ ಬಾರದಿದ್ದ ಇಬ್ಬರು ಬಸುರಿಯರ ಪಾಲಿನದು, ನಲವತ್ತು ಪ್ಯಾಕೆಟ್ಟು.

"ಹೋಗಾಗ ಉಡಿ ತುಂಬಬೇಕಲ್ರಿ. ತವರಿಂದ ಮಗಳು ಬರೇ ಉಡಿಲೇ ಹೋಗ್ತಾಳೇನು? ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ, ಅದರ ಕೆಳಗ ಪುಡಿ ಇಟ್ಟೆ. ಮಂದಿ ನೋಡಿದ್ರು. ಹೊನ್ನೂರಮ್ಮನೇ ಕೊಟ್ಟಮ್ಯಾಲ ನಮ್ಮ ಮಕ್ಕಳೇನು ಪಾಪ ಮಾಡ್ಯಾರ ಅಂತ ತಾವೂ ಕೊಟ್ರು, ತಮ್ಮ ಪಾಲಿಂದಾಗ ಉಳಿಸಿ. ಎರಡೂ ವರ್ಷ ಕೊಟ್ರು. ನಾನು ಯಾವ ಬಾಯಿಲೇ ಬ್ಯಾಡ ಅನ್ಲಿ?"

"ರಿಜಿಸ್ಟರಿನಾಗ?"

"ಎಲ್ಲಾರೂ ತಿಂದ್ರು ಅಂತ ಗುರುತು ಹಾಕೀನಿ. ಊರಾಗ ಇರಲಾರದೋರಿಗೂ ಹಾಕೀನಿ." ಹೊನ್ನೂರಮ್ಮ ಟ್ರಂಕಿನ ಮೇಲಿಂದ ಕೈ ತೆಗೆದಳು. "ಕೊಟ್ಟಿದ್ದು ತಪ್ಪು ಅಂತ ನಂಗ ಈಗೂ ಅನಸಂಗಿಲ್ಲ. ಆದ್ರ ಬರೀಬೇಕಿತ್ತು. ಬರೀಲಿಲ್ಲ ನೋಡ್ರಿ, ಅದು ನನ್ನ ತಪ್ಪು."

ಶೃತಿಗೆ ಖುಷಿಯಾಗಬೇಕಿತ್ತು, ತಾನು ಊಹಿಸಿದ್ದು ಸರಿಯಾಗಿತ್ತಲ್ಲ. ಆಗಲಿಲ್ಲ. ವರದಿಗಳನ್ನು ಓದುವಾಗ ಇಂಥದ್ದಕ್ಕೆ ಬರೆಯುವ ಪದವೊಂದು ಆಕೆಗೆ ಗೊತ್ತಿತ್ತು, ಕಲಬೆರಕೆ. ಉಡಿಯಲ್ಲಿ ಪುಡಿ ಕಟ್ಟಿದ ತಾಯಿಯ ಎದುರು ಕುಳಿತು ಆ ಪದ ನೆನೆಯಲು ಆಕೆಗೆ ನಾಚಿಕೆಯಾಯಿತು.

"ಹಂಗಾದ್ರ," ಹೊನ್ನೂರಮ್ಮ ತಡೆದು ತಡೆದು ಕೇಳಿದಳು, "ಪುಡಿ ನಿಂತಿದ್ದು ನನ್ನಿಂದಾನಾ?"

"ನಿಮ್ಮೊಬ್ಬರಿಂದ ಅಲ್ರಿ. ಉಳಿದ ಊರಿನ ಗೆರೀನೂ ಹಿಂಗ ಅದಾವು." ಸುಳ್ಳಲ್ಲ, ಆದರೆ ಸಮಾಧಾನವೂ ಅಲ್ಲ ಎಂದು ಶೃತಿಗೆ ಗೊತ್ತಿತ್ತು. "ಈಗ ನೀವು ಒಂದು ಕಾಗದ ಬರದು ಕೊಟ್ರ ಡಾಕ್ಟ್ರಿಗೆ ತೋರಿಸ್ತೀನಿ. ಈ ಅಧ್ಯಯನಾನ ಪಕ್ಕಕ್ಕ ಇಡಬೋದು. ಉಳಿದ ಎಂಟು, ಪುಡಿಯಿಂದ ಸ್ವಲ್ಪ ಗುಣ ಐತಿ ಅಂತ ಹೇಳ್ತಾವು. ಪುಡಿ ಮತ್ತ ಬರಬೋದು. ಬಂದೇ ಬರತೈತಿ ಅಂತಲ್ಲ."

"ಪಕ್ಕಕ್ಕಂದ್ರ? ನಾವು ಎರಡು ವರ್ಷ ಮನಿಮನಿ ತಿರುಗಿದ್ದು?"

"ಯಾವ್ಯಾವು ಬಿಟ್ವಿ, ಯಾಕ ಬಿಟ್ವಿ ಅಂತ ಕೊನಿಗೆ ಒಂದು ಪಟ್ಟಿ ಇರತೈತ್ರಿ. ಅದರಾಗ ಒಂದು ಸಾಲು."

ಒಂದು ಸಾಲು. ಹೊನ್ನೂರಮ್ಮ ಟ್ರಂಕು ತೆಗೆದು ರಿಜಿಸ್ಟರುಗಳನ್ನು ಹೊರಗಿಟ್ಟಳು. ಏಳು ಇದ್ದವು, ಎಲ್ಲಕ್ಕೂ ಹಳೇ ಕ್ಯಾಲೆಂಡರಿನ ಹೊದಿಕೆ. ಆ ಎರಡು ವರ್ಷ ಗಂಡ ಜಂಬಯ್ಯ ತಾನೇ ರೊಟ್ಟಿ ಬಡಿದುಕೊಂಡು ಕುರಿ ಹಿಂದೆ ಹೋಗುತ್ತಿದ್ದ, ಈಕೆ ಮಂಜಾಗಲಿ ಮಳೆಯಾಗಲಿ ಬೆಳಿಗ್ಗೆ ಏಳಕ್ಕೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು.

"ಸೈ ಮಾಡಿದ್ರ ನನ್ನ ಕೆಲಸಕ್ಕ ಸಂಚಕಾರ ಬರತೈತೇನ್ರಿ?"

"ಬರಂಗಿಲ್ಲ ಅಂತ ಹೇಳಾಕ ನನ್ನಿಂದ ಆಗಂಗಿಲ್ಲ ಅಮ್ಮಾ."

ಹೊನ್ನೂರಮ್ಮನಿಗೆ ಹುಡುಗಿಯ ಈ ಮಾತು ಹಿಡಿಸಿತು. ಏನೂ ಆಗುವುದಿಲ್ಲ ಬಿಡಿ ಎಂದು ಹೇಳಿದ್ದರೆ ಎದ್ದು ಹೋಗು ಅನ್ನುತ್ತಿದ್ದಳು. "ಬರೀರಿ," ಎಂದಳು.

ಶೃತಿ ಬರೆದಳು. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಊರಿನ ಕೆಲವು ಮನೆಯವರು ಪುಡಿ ಕೊಟ್ಟು ಕಳಿಸಿದರೆಂದು ತಿಳಿದುಬಂದಿದೆ ಎಂದು ಶುರುಮಾಡಿದ್ದಳು. ಹೊನ್ನೂರಮ್ಮ ಬೆರಳಿಟ್ಟು ಓದಿದಳು. "ಕೆಲವು ಮನಿ ಯಾವು? ತಿಳಿದು ಬಂದಿದ್ದು ಯಾರಿಗೆ? ಮೊದಲು ನಾನು ಕೊಟ್ಟೆ ಅಂತ ಬರೀರಿ. ನಲವತ್ತು ಪ್ಯಾಕೀಟು, ನನ್ನ ಮಗಳಿಗೆ. ಆಮ್ಯಾಲ ಉಳಿದೋರು." ಶೃತಿ ಆ ಹಾಳೆ ಹರಿದು ಬೇರೆ ಬರೆದಳು.

ಹೊನ್ನೂರಮ್ಮ ಪೆನ್ನು ಕೈಗೆ ತೆಗೆದುಕೊಂಡಳು. ಸೈ ಹಾಕುವ ಜಾಗವನ್ನೇ ನೋಡುತ್ತಾ ಕುಳಿತಳು, ಪೆನ್ನನ್ನು ಮತ್ತೆ ಕೆಳಗಿಟ್ಟಳು.

"ಒಂದು ಮಾತು ಹೇಳಿಲ್ಲ ನಾನು," ಎಂದಳು. ದನಿ ಇಳಿದಿತ್ತು. "ಊರ ಮಂದಿಗೆಲ್ಲಾ ಹತ್ತಿದ ಪುಡಿ ನನ್ನ ಮಗಳಿಗೆ ಹತ್ತಲಿಲ್ಲ. ಕಾರ್ತೀಕದಾಗ ಹೆರಿಗಿ ಆತು, ರಕ್ತ ನಿಲ್ಲಲೇ ಇಲ್ಲ. ಬಳ್ಳಾರಿಗೆ ಒಯ್ದು ಮೂರು ಬಾಟ್ಲಿ ಏರಿಸಿದ್ರು. ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ನಲವತ್ತು ದಿನ ಪುಡಿ ತಿಂದಾಕಿ ಯಾಕ ಹಿಂಗಾದ್ಳು ಅಂತ ನಾನು ಯಾರನ್ನ ಕೇಳ್ಲಿ? ಕೇಳಿದ್ರ ಎಲ್ಲಿಂದ ಬಂತು ಪುಡಿ ಅಂತಾರ. ಈಗ ನೀವು ಫರಕಿಲ್ಲ ಅಂದ್ರಲ್ಲ, ನಂಗ ಸಿಟ್ಟು ಬಂತು ಖರೇ. ಆದ್ರ ಒಳಗ ಒಂದು ಮನಸು, ಅವರು ಹೇಳೋದು ಖರೇನ ಇರಬೋದು ಅಂತು. ನನ್ನ ಹೆಸರು ಕೆಡಿಸಿಗೊಂಡು ಪುಡಿ ಉಳಿಸಬೇಕು, ಆ ಪುಡಿ ನನ್ನ ಮಗಳನ್ನೇ ಕಾಯಲಿಲ್ಲ."

ಒಬ್ಬಳಿಗೆ ಹತ್ತಲಿಲ್ಲ ಎಂದರೆ ಯಾರಿಗೂ ಹತ್ತಲಿಲ್ಲ ಎಂದಲ್ಲ ಎಂದು ವಿವರಿಸಲು ಶೃತಿಗೆ ಬರುತ್ತಿತ್ತು. ಆದರೆ ಎದುರಿಗಿದ್ದದ್ದು ಆ ಒಬ್ಬಳ ತಾಯಿ. ಬರೆದ ಹಾಳೆಯನ್ನು ಪಕ್ಕಕ್ಕೆ ಸರಿಸಿ, "ಹೆಂಗೂ ಒಬ್ಬರ ಮಾತಿನ ಮ್ಯಾಲ ನಾವು ಏನೂ ಬರಿಯಂಗಿಲ್ರಿ. ಇಬ್ಬರು ಬ್ಯಾರೆ ಬ್ಯಾರೆ ಹೇಳಬೇಕು. ನಿಮ್ಮ ಮಗಳನ್ನ ಕೇಳೋಣೇನು? ನೀವು ಏನೂ ಹೇಳಿಕೊಡಬಾರದು, ಆಕಿನೇ ಹೇಳಬೇಕು," ಎಂದಳು.

ಹೊನ್ನೂರಮ್ಮ ಮಗಳಿಗೆ ಫೋನು ಹಚ್ಚಿ, ಶೃತಿಗೂ ಕೇಳುವಂತೆ ಚಾಪೆಯ ಮೇಲಿಟ್ಟಳು.

"ಹೇಳವ್ವಾ. ಹಾಲು ಕಾಸಾಕ ಇಟ್ಟೀನಿ, ಲಗೂನ ಹೇಳು."

"ಓಬೀ, ಚಂದನಾ ಹೊಟ್ಟಿಯಾಗಿದ್ದಾಗ ಪಂಚಮಿಗೆ ಬಂದಿದ್ದಿಯಲ್ಲಾ. ಹೋಗಾಗ ಏನೇನು ಒಯ್ದಿ, ನೆನಪೈತೇನು?"

"ಇದೇನು ಈಗ? ಉಂಡಿ ಒಯ್ದೆ. ಹಸರು ಖಣ ಕೊಟ್ಟಿದ್ದಿ. ಮತ್ತ ಆ ಕೆಂಪು ಪುಡಿ."

"ಎಷ್ಟು ತಿಂದಿ ಅದನ್ನ?"

ಆ ಕಡೆ ಪಾತ್ರೆ ಇಳಿಸಿದ ಸದ್ದು. "ತಿಂದೆ," ಎಂದಳು ಓಬಮ್ಮ.

"ಎಷ್ಟು ಅಂತ ಕೇಳಿದ್ದು."

"ಬೈಬ್ಯಾಡ ಮತ್ತ. ಓಣಿಯಾಗ ನಾವು ಆರು ಮಂದಿ ಬಸುರೇರು ಇದ್ವಿ. ನೆಗೆಣ್ಣಿ ಗೀತಮ್ಮ ಒಂದಾ ಮನಿಯಾಗ, ಬಾಜು ಮನಿ ಮರುಳಸಿದ್ದಮ್ಮ, ಮತ್ತ ಮೂರು ಮಂದಿ. ಎಲ್ಲಾರೂ ಒಂದಾ ನಳಕ್ಕ ನೀರಿಗೆ ಹೋಗೋರು. ಅವರನ್ನ ಬಿಟ್ಟು ನಾನೊಬ್ಬಾಕಿ ಕದ್ದು ತಿನ್ಲೇನು? ದಿನಾ ಒಂದು ಪ್ಯಾಕೀಟು ಗಂಜಿಗೆ ಹಾಕಿ ಆರೂ ಮಂದಿ ಕುಡದ್ವಿ. ನಲವತ್ತು ದಿನಕ್ಕ ಮುಗೀತು. ಆಮ್ಯಾಲ ದೀಪಾವಳಿಗೆ ಉಳಿದೋರಿಗೂ ತವರಿಂದ ಬಂತು. ಅಷ್ಟೊತ್ತಿಗೆ ನಂಗ ದಿನ ತುಂಬಿದ್ವು."

ಹೊನ್ನೂರಮ್ಮ ಬೆರಳು ಮಡಚಿದಳು, ಬಿಡಿಸಿದಳು. ನಲವತ್ತು, ಆರು ಜನಕ್ಕೆ. ಒಬ್ಬೊಬ್ಬರಿಗೆ ಏಳೂ ಬರಲಿಲ್ಲ. ರಕ್ತ ಸ್ವಲ್ಪವೇ ಕಡಿಮೆ ಇದ್ದ ಐವರಿಗೆ ಅದೂ ಆಮೇಲೆ ತವರಿಂದ ಬಂದದ್ದೂ ಆಸರೆಯಾಗಿರಬೇಕು, ತೀರಾ ಕಡಿಮೆ ಇದ್ದವಳಿಗೆ ಸಾಲಲಿಲ್ಲ.

"ಆಸ್ಪತ್ರಿಯಾಗ ಮಲಗಿದ್ದಾಗರ 'ತಿಂದಿಲ್ಲವ್ವಾ' ಅಂತ ಒಂದು ಮಾತು ಹೇಳಬಾರದೇನ?"

"ಹೇಳಿದ್ರ ನೀ ಅವರ ಮನಿ ಮುಂದ ಹೋಗಿ ಜಗಳ ತೆಗೀತಿದ್ದಿ. ಬ್ಯಾಡಂತ ಸುಮ್ಮನಾದೆ. ಯಾಕವ್ವಾ, ಯಾರರ ಕೇಳಾಕ ಬಂದಾರೇನು?"

ಹೊನ್ನೂರಮ್ಮನಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಮರುಕ ಬಂದಿತ್ತು, ಅದರಡಿಯಲ್ಲಿ ಹತ್ತು ವರ್ಷದ ಭಾರವೊಂದು ಎದೆಯಿಂದ ಜಾರಿ ಹೋಗುತ್ತಿತ್ತು. ತನ್ನ ಮಗಳೂ ತನ್ನಂಥವಳೇ. ಕೊಟ್ಟಳು, ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಶೃತಿ ಆ ಕಡೆ ನೋಡದೆ ರಿಜಿಸ್ಟರಿನ ಹೊದಿಕೆಯನ್ನು ನೇರಮಾಡುತ್ತಾ ಕುಳಿತಳು.

"ಓಬೀ, ಆ ಐದೂ ಮಂದಿ ಈಗ ಊರಾಗ ಅದಾರೇನು?"

"ಅದಾರ. ಗೀತಮ್ಮ ಇಲ್ಲೇ ಅದಾಳ, ಉಳಿದೋರು ಶೇಂಗಾ ಸುಲಿಯಾಕ ಕುಂತಾರ."

"ಯಾರನ್ನೂ ಎಲ್ಲೂ ಹೋಗಗೊಡಬ್ಯಾಡ. ಬರ್ತೀನಿ."

ಫೋನು ಇಟ್ಟು ಹೊನ್ನೂರಮ್ಮ ಕಾಗದವನ್ನು ಎಳೆದುಕೊಂಡಳು. ಸೈ ಎಂದರೆ ಆಕೆಗೆ ಅವಸರದ ಗೀಟಲ್ಲ. ಒಂದೊಂದೇ ಅಕ್ಷರ ಬಿಡಿಸಿ, ಪೂರ್ತಿ ಹೆಸರು, ಊರು, ತಾರೀಖು ಬರೆದಳು. ಬರೆದಾದ ಮೇಲೆ ದೂರ ಹಿಡಿದು ನೋಡಿ, ಹಾಳೆಯನ್ನು ಶೃತಿಯ ಮುಂದಿಟ್ಟಳು.

"ಇಬ್ಬರು ಹೇಳಬೇಕು ಅಂದ್ರಲ್ಲ. ಏಳು ಮಂದಿ ಹೇಳ್ತೀವಿ. ನಿಮ್ಮ ಗಾಡಿ ಮ್ಯಾಲ ಹೋದ್ರ ಹತ್ತು ನಿಮಿಷದ ದಾರಿ," ಎಂದಳು. "ನನ್ನ ಹೆಸರಿನ ಕೆಳಗ ಜಾಗ ಮಾಡ್ರಿ."

ಶೃತಿ ರಿಜಿಸ್ಟರಿನ ಅಂಚನ್ನೇ ಅಳತೆಗೋಲಾಗಿ ಹಿಡಿದು, ಹೊನ್ನೂರಮ್ಮನ ಹೆಸರಿನ ಕೆಳಗೆ ಒಂದರಡಿ ಒಂದರಂತೆ ಆರು ಗೆರೆ ಎಳೆದಳು.